ತಂತಿಯಣ್ಣನ ಹಾಜರಿ

ಮೈದುನ ಕಪಾಟಿನ ಹಿಂದಕ್ಕೆ ಭುಜದವರೆಗೂ ಕೈ ತೂರಿಸಿ ಪ್ಲಗ್ಗಿಗಾಗಿ ತಡಕಾಡುತ್ತಿದ್ದ. ಮುಂದಿನ ಕೋಣೆಯಲ್ಲಿ ತೀರಿಹೋದ ಅವನ ಅಣ್ಣನನ್ನು ಮಲಗಿಸಿದ್ದ ತಂಪು ಪೆಟ್ಟಿಗೆ ಬೆಳಗಿನಿಂದ ಎರಡು ಸಲ ನಿಂತುಹೋಗಿತ್ತು. ಆ ಕೋಣೆಯ ಪ್ಲಗ್ ಪಾಯಿಂಟು ಸಡಿಲ, ಗಟ್ಟಿಯಾದದ್ದು ಇರುವುದು ಹಿಂದಿನ ಕೋಣೆಯಲ್ಲಿ ಎಂದು ಯಾರೋ ಹೇಳಿದ್ದರು. ಕೈಗೆ ಸಿಕ್ಕಿದ ವೈರನ್ನು ಹಿಡಿದು ಇನ್ನೇನು ಎಳೆಯಬೇಕು, ಬಾಗಿಲಲ್ಲಿ ಅತ್ತಿಗೆ ಕಿರುಚಿದಳು.

"ಮುಟ್ಟಬೇಡ! ಕೈ ತೆಗಿ ಅಲ್ಲಿಂದ!"

ಎರಡು ದಿನದಿಂದ ಆಕೆ ಬಾಯಿ ಬಿಟ್ಟಿರಲಿಲ್ಲ. ಕಟ್ಟಿಕೊಂಡಿದ್ದ ದುಃಖ ಈಗ ಒಡೆಯಿತೆಂದು ಇಬ್ಬರು ಹೆಂಗಸರು ಓಡಿಬಂದು ಆಕೆಯ ತೋಳು ಹಿಡಿದರು. "ಅಳಲಿ ಬಿಡಿ, ಅತ್ತರೆ ಹಗುರಾಗ್ತಾರೆ" ಎಂದು ಒಬ್ಬಳು ಹೇಳಿದಳು. ಆಕೆ ಅಳುತ್ತಿರಲಿಲ್ಲ. ಕಪಾಟನ್ನೇ ದಿಟ್ಟಿಸುತ್ತಿದ್ದಳು.

ಅದು ಬಟ್ಟೆ ಇಡುವ ಹಳೆಯ ಕಪಾಟು. ಅದರ ಬಾಗಿಲುಗಳನ್ನು ಆಕೆಯ ಗಂಡ ತಂತಿಯಣ್ಣ ಎಂದೋ ಕಿತ್ತುಹಾಕಿದ್ದ. ಒಂದೊಂದು ಅರೆಯಲ್ಲಿ ಒಂದೊಂದರಂತೆ ಮೂರು ಕಂಪ್ಯೂಟರುಗಳು, ಮೂರೂ ಯಾವ ಯಾವುದೋ ಕಚೇರಿಯವರು ಬೇಡವೆಂದು ಎಸೆದವು. ವೈರುಗಳನ್ನು ಹಳೆಯ ದಿಂಬಿನ ಚೀಲ ಹರಿದು ಮಾಡಿದ ಪಟ್ಟಿಗಳಿಂದ ಕಟ್ಟಿದ್ದ. ಎದೆಯ ಎತ್ತರಕ್ಕೆ ಒಂದು ಪರದೆ, ಅದರ ಕೆಳಗೆ ಅಕ್ಷರಗಳು ಅರ್ಧಂಬರ್ಧ ಸವೆದುಹೋದ ಕೀಲಿಮಣೆ. ಮೈದುನನ ಭುಜ ತಾಗಿ ಕಪಾಟು ಅಲುಗಿದ್ದಕ್ಕೆ ಪರದೆ ಎಚ್ಚರಗೊಂಡಿತ್ತು. ಅದರಲ್ಲಿ ಕೆಂಪು ಅಂಕೆಗಳು.

ಹಾಜರಿಗೆ ಉಳಿದ ಸಮಯ 02:41:16.

ಹದಿನಾರು ಹದಿನೈದಾಯಿತು. ಹದಿನಾಲ್ಕಾಯಿತು.

"ಏನಿದು ಅತ್ತಿಗೆ?" ಎಂದ ಮೈದುನ. ಅವನು ಊರೂರು ಬಸ್ಸು ಓಡಿಸುವವನು, ಗಟ್ಟಿ ಗಂಟಲಿನವನು. ಸಾವಿನ ಮನೆಯಲ್ಲೂ ಅವನ ಮಾತು ಬೀದಿಯ ಆಚೆಗೆ ಕೇಳುತ್ತಿತ್ತು.

ಎರಡು ದಿನ ಇದರ ನೆನಪೇ ಆಕೆಗೆ ಆಗಿರಲಿಲ್ಲ. ದಿನವೂ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕಾಫಿ ಲೋಟ ಕೆಳಗಿಟ್ಟು, ತಂತಿಯಣ್ಣ ಈ ಪರದೆಯ ಮುಂದೆ ನಿಂತು ಕೀಲಿಮಣೆಯಲ್ಲಿ ಒಂದು ಗುಟ್ಟಿನ ಮಾತು ಹೊಡೆಯುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಹಾಜರಿ. ನಲವತ್ತೆಂಟು ಗಂಟೆಯೊಳಗೆ ಹಾಜರಿ ಬೀಳದಿದ್ದರೆ ತನ್ನನ್ನು ಕಳ್ಳ ಹೊತ್ತೊಯ್ದನೆಂದು ತಿಳಿದು ಯಂತ್ರ ತನ್ನೊಳಗಿನದನ್ನೆಲ್ಲ ತಾನೇ ಹಾಳುಮಾಡಿಕೊಳ್ಳುತ್ತಿತ್ತು. ಮೊನ್ನೆ ಹನ್ನೊಂದಕ್ಕೆ ಹಾಜರಿ ಹಾಕಿದ್ದ. ಆಮೇಲೆ ಊಟ ಮಾಡಿ ಕುರ್ಚಿಗೆ ಒರಗಿದವನು ಏಳಲಿಲ್ಲ. ಮಗಳು ಬರಲೆಂದು ಒಂದು ದಿನ ಕಾದದ್ದಾಗಿತ್ತು. ಅವನನ್ನು ಒಯ್ಯುವ ಗಾಡಿ ಇವತ್ತು ಹನ್ನೊಂದಕ್ಕೆ ಬರುವುದಿತ್ತು.

ಆ ಮಾತು ಏನೆಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು, ಅವನು ಹೇಳಲು ಬಂದಿದ್ದ, ಕೇಳಿಸಿಕೊಳ್ಳದವಳು ಆಕೆಯೇ. ಇದು ಆ ಮನೆಯಲ್ಲಿ ಇನ್ನಾರಿಗೂ ತಿಳಿಯದು.

*

ತಂತಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ಇಳಿದವನು, ನಿವೃತ್ತಿಯಾದ ಮೇಲೂ ಇಳಿದಿರಲಿಲ್ಲ. ಆಕೆ ಜನನ ಮರಣ ನೋಂದಣಿ ಕಚೇರಿಯಲ್ಲಿ ಟೈಪಿಸ್ಟು. ಕಣ್ಣು ಕಾಗದದ ಮೇಲಿಟ್ಟು, ಮಾತು ಪಕ್ಕದವರ ಜೊತೆ ಆಡುತ್ತ, ಒಂದು ತಪ್ಪಿಲ್ಲದೆ ಪುಟ ಮುಗಿಸುವವಳು. ಗಂಡನಿಗೆ ಹತ್ತು ಬೆರಳಲ್ಲಿ ಹೊಡೆಯುವುದನ್ನು ಕಲಿಸಿದ್ದು ಆಕೆಯೇ. ಅವನು ಕಲಿತದ್ದು ನಾಲ್ಕು ಬೆರಳಿನಷ್ಟು ಮಾತ್ರ.

ಮಗಳು ಚಿಕ್ಕವಳಿದ್ದಾಗಿನ ಫೋಟೋಗಳನ್ನೆಲ್ಲ ಅವರು ಒಂದು ಕಂಪನಿಯ ಬಳಿ ಇಟ್ಟಿದ್ದರು. ಕಂಪನಿ ಎಲ್ಲಿದೆಯೋ ಯಾರಿಗೆ ಗೊತ್ತು, ಪುಕ್ಕಟೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು, ಇಟ್ಟಿದ್ದರು. ಒಂದು ದಿನ ಬಾಗಿಲು ಹಾಕುತ್ತೇವೆ, ಮೂವತ್ತು ದಿನದಲ್ಲಿ ನಿಮ್ಮದು ನೀವು ತೆಗೆದುಕೊಳ್ಳಿ ಎಂದು ಕಾಗದ ಬಂತು. ಆ ಕಾಗದ ಓದದ ಕಾಗದಗಳ ರಾಶಿಯಲ್ಲಿ ಸೇರಿಹೋಗಿ, ಇವರ ಕಣ್ಣಿಗೆ ಬೀಳುವಾಗ ನಲವತ್ತನೇ ದಿನ. ಮಗಳ ಮೊದಲ ಹಲ್ಲಿನಿಂದ ಹಿಡಿದು ಏಳನೇ ವರ್ಷದವರೆಗೆ ಒಂದು ಚಿತ್ರವೂ ಉಳಿಯಲಿಲ್ಲ. ತಂತಿಯಣ್ಣ ಅಂದು ಊಟ ಬಿಟ್ಟ. ಮರುದಿನ ಹೆಗಲ ಮೇಲೆ ಒಂದು ಹಳೆಯ ಕಂಪ್ಯೂಟರು ಹೊತ್ತು ಬಂದ.

"ನಮ್ಮ ವಸ್ತು ನಮ್ಮ ಮನೇಲಿರಬೇಕು ಕಣೇ" ಎಂದ. "ಯಾರದೋ ಜಗಲಿ ಮೇಲೆ ನಮ್ಮ ಮಗೂನ ಮಲಗಿಸಿ ಬಂದ ಹಾಗಾಯ್ತಲ್ಲ ಇದು."

ಮೊದಲು ತನ್ನ ಮನೆಯದು, ಆಮೇಲೆ ಪಕ್ಕದ ಮನೆಯದು, ಆಮೇಲೆ ಎದುರು ಸಾಲಿನದು. ಮಾಡಿನ ಮೇಲಿಂದ ಮಾಡಿಗೆ ತಂತಿ ಎಳೆದು ಇಪ್ಪತ್ತಮೂರು ಮನೆಗಳನ್ನು ಆ ಕಪಾಟಿಗೆ ಕಟ್ಟಿದ. ಅವರವರ ಫೋಟೋ, ಪತ್ರ, ಮಕ್ಕಳ ಅಂಕಪಟ್ಟಿ, ಹಾಡು, ಜಾಗದ ಕಾಗದ ಎಲ್ಲವೂ ಅಲ್ಲೇ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಯಾರೂ ಕರೆಯುವಂತಿರಲಿಲ್ಲ. ಮೂಲೆಯ ಅಂಗಡಿಯ ಗಡಿಯಾರ ರಿಪೇರಿಯವನು ತನ್ನ ಅಂಗಡಿಯಲ್ಲಿ, ಇವನು ಈ ಕೋಣೆಯಲ್ಲಿ ಕುಳಿತು ತಂತಿಯ ಮೇಲೆ ಯುದ್ಧದ ಆಟ ಆಡುತ್ತಿದ್ದರು. ಇಬ್ಬರ ಟ್ಯಾಂಕುಗಳು ಒಂದನ್ನೊಂದು ಸುಡುವ ಹಳೆಯ ಆಟ. ಸೋತವನು ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಿದ್ದ, ಗೆದ್ದವನಿಗೆ ಬೀದಿಯ ಆ ತುದಿಯಿಂದ ಕೇಳುತ್ತಿತ್ತು. ಇಬ್ಬರಿಗೂ ಅರವತ್ತು ದಾಟಿತ್ತು.

ಹಾಜರಿ ಬಂದದ್ದು ಆಮೇಲೆ. ಪಕ್ಕದ ಬೀದಿಯಲ್ಲಿ ಒಬ್ಬಳ ಕಂಪ್ಯೂಟರು ಕದ್ದವನು ಅದರೊಳಗಿನ ಕಾಗದಗಳನ್ನು ಓದಿ ಅವಳನ್ನು ತಿಂಗಳುಗಟ್ಟಲೆ ಹೆದರಿಸಿದ. ಆ ಸುದ್ದಿ ಕೇಳಿದ ತಂತಿಯಣ್ಣನಿಗೆ ನಿದ್ದೆ ಹತ್ತಲಿಲ್ಲ. ಅವನೂ ಗಡಿಯಾರದವನೂ ಸೇರಿ ಒಂದು ತಿಂಗಳು ತಲೆ ಕೆಡಿಸಿಕೊಂಡು ಈ ಕಾವಲು ಮಾಡಿದರು. ಕಳ್ಳ ಯಾವ ದಾರಿಯಿಂದ ಬರಬಹುದೋ ಅದನ್ನೆಲ್ಲ ಯೋಚಿಸಿ ಮುಚ್ಚಿದರು. ಸಾವು ಯಾವ ದಾರಿಯಿಂದ ಬರುತ್ತದೆಂಬುದನ್ನು ಆ ಜಾಣರಿಬ್ಬರೂ ಆಗ ಯೋಚಿಸಲಿಲ್ಲ.

*

ಬಟ್ಟೆ ಹೊಲಿಯುವ ಟೈಲರಮ್ಮ ಆಕೆಯ ಪಕ್ಕ ಕುಳಿತು ಬಹಳ ಹೊತ್ತು ಕೈ ಸವರಿದಳು. ಆಮೇಲೆ ಕಿವಿಯ ಹತ್ತಿರ ಬಾಗಿದಳು.

"ಇಂಥ ಹೊತ್ತಲ್ಲಿ ಕೇಳಬಾರದು ಅಕ್ಕಾ. ಆದರೂ ಕೇಳ್ತೀನಿ, ಬೈಬೇಡಿ. ನನ್ನ ತಂಗಿ ಹಾಡಿದ್ದು ಅದರೊಳಗೇ ಇರೋದು. ಅವಳು ಹೋದ ಮೇಲೆ ಬೇರೆಲ್ಲೂ ಅವಳ ದನಿ ಇಲ್ಲ. ಒಳಗೆ ಅದೇನೋ ಕೆಂಪಗೆ ಓಡ್ತಿದೆಯಂತೆ, ನಿಮ್ಮ ಮೈದುನ ಹೇಳ್ತಿದ್ರು. ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ" ಎಂದಳು ಆಕೆ.

"ನನಗ್ಗೊತ್ತು. ಅಣ್ಣ ಮಾತು ಕೊಟ್ಟಿದ್ರು. ಟೈಲರಮ್ಮ, ನಾನು ಸತ್ತರೂ ನಿನ್ನ ತಂಗಿ ಹಾಡು ಸಾಯಲ್ಲ ಅಂದಿದ್ರು." ಅಷ್ಟು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಆಕೆಗೆ ತಂಪು ಪೆಟ್ಟಿಗೆಯ ಗಾಜಿನೊಳಗಿನ ಮುಖವನ್ನು ನೋಡಲು ಭಯವಾಯಿತು. ಬೆಳಗಿನಿಂದ ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಅಂಥ ಮನುಷ್ಯ ಇಲ್ಲ, ನಂಬಿ ಕೊಟ್ಟದ್ದು ಒಂದು ಚೂರೂ ಕಳೆಯಲಿಲ್ಲ. ಹನ್ನೊಂದಕ್ಕೆ ಇವನು ಗಾಡಿ ಹತ್ತುತ್ತಾನೆ. ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಇಪ್ಪತ್ತಮೂರು ಮನೆಯವರ ಪಾಲಿಗೆ ಇವನು ಮಾತಿಗೆ ತಪ್ಪಿದವನಾಗುತ್ತಾನೆ. ಇವತ್ತು ಅಳುವವರೇ ನಾಳೆ ಶಪಿಸುತ್ತಾರೆ. ಅದೂ ತನ್ನಿಂದಾಗಿ.

ಗಡಿಯಾರದವನು ಒಂಬತ್ತೂಮುಕ್ಕಾಲಿಗೆ ಬಂದ. ಶರ್ಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದ. ಎರಡು ದಿನದಿಂದ ಅಂಗಡಿ ತೆರೆದಿರಲಿಲ್ಲ, ಮನೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ಆಕೆ ಅವನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದೊಯ್ದಳು. ಮಗಳೂ ಮೈದುನನೂ ಹಿಂದೆ ಬಂದರು. ಅವನು ಪರದೆ ನೋಡಿದ.

"ಅಯ್ಯೋ ನಮ್ಮ ಬುದ್ಧಿಗಿಷ್ಟು" ಎಂದು ಹಣೆ ಚಚ್ಚಿಕೊಂಡ. "ಇದು ಹೇಗೆ ಮರೆತುಹೋಯ್ತು ನನಗೆ! ಮಾತು ಹೊಡೀರಿ ಅತ್ತಿಗೆ. ನಿಮಗೆ ಹೇಳಿದಾನೆ ತಾನೆ?"

ಆಕೆ ತಲೆ ತಗ್ಗಿಸಿದಳು.

"ಹೇಳಿಲ್ವಾ?"

"ನಿಮಗೆ ಗೊತ್ತಿಲ್ವಾ ಮಾಮ?" ಎಂದು ಮಗಳು ಕೇಳಿದಳು. ಅವಳು ನರ್ಸು. ಹೆದರಿದಾಗ ಅವಳ ದನಿ ತಗ್ಗುತ್ತಿತ್ತೇ ಹೊರತು ಏರುತ್ತಿರಲಿಲ್ಲ.

"ನಮ್ಮಿಬ್ಬರಲ್ಲಿ ಒಪ್ಪಂದ ಆಗಿತ್ತಮ್ಮ. ಕಾವಲು ಮಾಡಿದವನಿಗೆ ಮಾತು ಗೊತ್ತಿರಬಾರದು, ಮಾತು ಗೊತ್ತಿದ್ದವನಿಗೆ ಕಾವಲಿನ ಒಳಗು ಗೊತ್ತಿರಬಾರದು. ಒಳಗೆ ಹಾಜರಿ ಲೆಕ್ಕ ಇಡೋ ಪುಟ್ಟ ಸರ್ಕೀಟಿನ ಹಲಗೆ ಇದೆಯಲ್ಲ, ಅದನ್ನು ಮಾಡಿದ್ದು ನಾನು. ಅವನು ಹೊಡೀವಾಗ ನಾನು ಕಣ್ಣು ಮುಚ್ಕೋತಿದ್ದೆ."

"ಪ್ಲಗ್ ಕಿತ್ತು ಬಿಸಾಕಿದ್ರೆ?" ಎಂದ ಮೈದುನ.

"ಒಳಗೆ ಬ್ಯಾಟರಿ ಇದೆ. ಮೂರು ದಿನ ಬರುತ್ತೆ."

"ಒಡೆದು ಹಾಕಿದ್ರೆ?"

"ಒಡೆದರೆ ಒಡೆದ ಹಾಗೇ. ಬೀಗದ ಕೈ ಆ ಹಲಗೆಯೊಳಗಿದೆ. ಅದು ಹೋದರೆ ಒಳಗಿರೋದೆಲ್ಲ ಮರಳಿನ ರಾಶಿ, ದೇವರು ಬಂದರೂ ಓದೋಕಾಗಲ್ಲ. ಇನ್ನೊಂದು ಪ್ರತಿ ನನ್ನ ಅಂಗಡೀಲಿದೆ. ಅದಕ್ಕೂ ಇದೇ ಕೈ. ಒಂದು ದಿನ ಹಾಜರಿ ತಪ್ಪಿದ್ರೆ ಒಳಗಿಂದ ಏನನ್ನೂ ಹೊರಗೆ ತೆಗೆಯೋಕೂ ಬಿಡಲ್ಲ." ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. "ಕಳ್ಳನಿಗೆ ಅಂತ ಮಾಡಿದ್ವಿ ಅತ್ತಿಗೆ. ಇನ್ನೊಂದು ವಿಷಯ. ಮೂರು ಸಲ ತಪ್ಪು ಹೊಡೆದ್ರೆ ಹನ್ನೊಂದರ ತನಕ ಕಾಯಲ್ಲ. ಆಗಲೇ ಎಲ್ಲಾ..."

ಅವನ ಮಾತು ಮುಗಿಯುವ ಮೊದಲೇ ಮೈದುನ ಎರಡು ತೋರುಬೆರಳಲ್ಲಿ ಏನನ್ನೋ ಕುಟ್ಟಿ ದೊಡ್ಡ ಕೀಲಿ ಒತ್ತಿಯೇಬಿಟ್ಟಿದ್ದ. ಬಸ್ಸಿನ ಬಾಗಿಲು ಮುಚ್ಚಿದೆಯೋ ಇಲ್ಲವೋ ನೋಡದೆ ಹೊರಡುವ ಪೈಕಿ ಅವನು.

ತಪ್ಪು. ಉಳಿದದ್ದು ಎರಡು ಸಲ.

"ಏನು ಹೊಡೆದ್ರಿ ಚಿಕ್ಕಪ್ಪ!"

"ನಮ್ಮಮ್ಮನ ಹೆಸರು. ಅಣ್ಣನಿಗೆ ಅಮ್ಮ ಅಂದ್ರೆ ಪ್ರಾಣ." ಅವನ ಗಟ್ಟಿ ಗಂಟಲು ಈಗ ಇಳಿದಿತ್ತು. ಬೆವರು ಒರೆಸಿಕೊಂಡು, ಸುಮ್ಮನೆ ಗೋಡೆಗೆ ಒರಗಿದ.

ಅರ್ಧ ಗಂಟೆ ಎಲ್ಲರೂ ಯೋಚಿಸಿದರು. ಮಗಳು ಅಪ್ಪನ ಮೇಜಿನ ಖಾನೆಗಳನ್ನು ತೆಗೆದು ಚೀಟಿಗಳನ್ನು ಓದಿದಳು. ಸ್ಕ್ರೂ ಅಳತೆಗಳು, ಯಾರ ಮಾಡಿನ ಮೇಲೆ ಎಷ್ಟು ಅಡಿ ತಂತಿ ಎಂಬ ಲೆಕ್ಕ, ಆಟದಲ್ಲಿ ಯಾವ ವರ್ಷ ಯಾರು ಎಷ್ಟು ಸಲ ಗೆದ್ದರೆಂಬ ಪಟ್ಟಿ. ಮಾತೆಂದು ಬರೆದದ್ದು ಎಲ್ಲೂ ಇಲ್ಲ. ಕೊನೆಗೆ ಅವಳು ಕೀಲಿಮಣೆಯ ಮುಂದೆ ನಿಂತು ಯಾರ ಮುಖವನ್ನೂ ನೋಡದೆ ಹೇಳಿದಳು:

"ಅಪ್ಪ ನನ್ನನ್ನ ಒಂದು ಮುದ್ದು ಹೆಸರಲ್ಲಿ ಕರೀತಿದ್ರು. ಮನೇಲಿ ಮಾತ್ರ. ಈ ಕಪಾಟು ಶುರುವಾಗಿದ್ದೇ ನನ್ನ ಫೋಟೋ ಹೋಯ್ತು ಅಂತ ತಾನೆ? ಅದೇ ಇರುತ್ತೆ ಅಮ್ಮ. ಇರಲೇಬೇಕು."

ತಡೆಯಬೇಕೆಂದು ಆಕೆಗೆ ಅನ್ನಿಸಿತು. ತಡೆದು ಏನು ಹೇಳುವುದು? ಮಗಳು ಒಂದೊಂದೇ ಅಕ್ಷರ ಒತ್ತಿದಳು. ಕಣ್ಣು ಮಂದವಾದ ಮೇಲೆ ತಂತಿಯಣ್ಣ ಹೊಡೆದದ್ದು ತನಗೆ ಕಾಣಲೆಂದು ಅಕ್ಷರಗಳನ್ನು ಬೆರಳುದ್ದ ಮಾಡಿಕೊಂಡಿದ್ದ. ಮಗಳ ಮುದ್ದು ಹೆಸರು ಪರದೆ ತುಂಬಾ ಬೆಳಗಿತು.

ತಪ್ಪು. ಉಳಿದದ್ದು ಒಂದು ಸಲ.

ಮಗಳು ಅಳಲಿಲ್ಲ. ಪೆಟ್ಟು ತಿಂದವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು. "ನಾನಲ್ಲ" ಎಂದಳು ಅಷ್ಟೆ.

ಗಂಟೆ ಹತ್ತೂಕಾಲು ದಾಟಿತ್ತು. ಇನ್ನು ಯಾರೂ ಮುಟ್ಟಬಾರದೆಂದು ಗಡಿಯಾರದವನು ಕೀಲಿಮಣೆಯ ಮೇಲೆ ತನ್ನ ಟವೆಲ್ಲು ಹಾಸಿದ.

*

ಆರು ವರ್ಷದ ಹಿಂದೆ ತಂತಿಯಣ್ಣನಿಗೆ ಎದೆನೋವು ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ವಾರಕ್ಕೆ ಆಕೆಯನ್ನು ಕರೆದ.

"ಇಲ್ಲಿ ಬಾರೇ. ಹಾಜರಿ ಮಾತು ನಿನಗೂ ಗೊತ್ತಿರಲಿ. ನಾನು ಹೋದ ಮೇಲೆ..."

"ಒಲೆ ಮೇಲೆ ಹಾಲಿದೆ" ಎಂದು ಆಕೆ ಒಳಗೆ ಹೋದಳು. ಹಾಲು ಇರಲಿಲ್ಲ.

ಎರಡನೇ ಸಲ ಕರೆದಾಗ ತಲೆನೋವು ಎಂದಳು. ಆ ಮಾತನ್ನು ಕೇಳಿಸಿಕೊಂಡರೆ ಅವನು ಹೋಗುವುದಕ್ಕೆ ತಾನು ಒಪ್ಪಿದಂತೆ ಎಂದು ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹೋಗುವವನಿಗೆ ಬಾಗಿಲು ತೆಗೆದು ಹಿಡಿದ ಹಾಗೆ. ಕಚೇರಿಯಲ್ಲಿ ಸಾವಿರಾರು ಮರಣ ಪ್ರಮಾಣಪತ್ರ ಟೈಪು ಮಾಡಿ ಸಾಲಾಗಿ ಜೋಡಿಸಿದವಳು, ತನ್ನ ಮನೆಯ ಒಂದು ಸಾಲು ಕೇಳಲು ಹೆದರಿದಳು.

ಮೂರನೇ ಸಲ ಅವನು ಮಣಿಕಟ್ಟು ಹಿಡಿದು ತಂದು ಪರದೆಯ ಮುಂದೆ ನಿಲ್ಲಿಸಿದ. "ಸರಿ, ನನ್ನ ಮಾತು ಬೇಡ. ನೀನೇ ಒಂದು ಹೊಡಿ. ನಿನ್ನ ಬೆರಳು ಮರೆಯದಂಥದ್ದು. ಅದನ್ನೇ ಇಡ್ತೀನಿ. ಇಷ್ಟೊಂದು ಜನ ನಂಬಿ ಕೊಟ್ಟಿದಾರೆ ಕಣೇ, ನಾಳೆ ನಾನಿಲ್ಲ ಅಂದ್ರೆ ಅವರ ಗತಿ ಏನು?"

"ಅವರ ಗತಿ ಕೇಳ್ತೀರಿ. ನನ್ನ ಗತಿ?"

"ಅದಕ್ಕೇ ಹೊಡಿ ಅಂತಿರೋದು."

ಎಲ್ಲಿತ್ತೋ ಅಷ್ಟು ಸಿಟ್ಟು. ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ನಾಲ್ಕು ದಿನದ ಹೆದರಿಕೆಯೆಲ್ಲ ಸಿಟ್ಟಾಗಿ ಬೆರಳಿಗೆ ಇಳಿಯಿತು. ಆಕೆ ನಿಂತಲ್ಲೇ, ಕೀಲಿಮಣೆ ನೋಡದೆ, ಗಂಡನ ಮುಖವನ್ನೇ ನೋಡುತ್ತ ಪಟಪಟನೆ ಹೊಡೆದು ಕೊನೆಯ ಕೀಲಿಯನ್ನು ಮೇಜು ಅದುರುವ ಹಾಗೆ ಕುಟ್ಟಿದಳು.

ನೀವು ಹೋದ ದಿನ ಇದೂ ಹಾಳಾಗಿ ಹೋಗಲಿ.

ತಂತಿಯಣ್ಣ ಕನ್ನಡಕ ಏರಿಸಿ ಓದಿದ. ಬೈಯಲಿಲ್ಲ, ನಗಲೂ ಇಲ್ಲ. "ಮುಗೀತಾ?" ಎಂದು ಕೇಳಿದ.

"ಮುಗೀತು."

ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಆಕೆ ಒಂದು ವಾರ ತಪ್ಪಾಯಿತೆನ್ನಲು ಹೊತ್ತು ಹುಡುಕಿದಳು. ಹೊತ್ತು ಸಿಕ್ಕಾಗ ಬಾಯಿ ಬರಲಿಲ್ಲ, ಬಾಯಿ ಬಂದಾಗ ಯಾರಾದರೂ ತಂತಿ ಸರಿ ಮಾಡಿಸಲು ಬಂದಿರುತ್ತಿದ್ದರು. ಅವನು ಅದನ್ನು ಅಂದೇ ಅಳಿಸಿ ತನ್ನದೇ ಏನೋ ಇಟ್ಟುಕೊಂಡಿರುತ್ತಾನೆ ಎಂದುಕೊಂಡಳು. ಕಟ್ಟಿಕೊಂಡ ಹೆಂಡತಿ ಹಾಕಿದ ಶಾಪವನ್ನು ಯಾವ ಗಂಡಸು ಜೋಪಾನ ಮಾಡುತ್ತಾನೆ?

*

ಈಗ ಶಾಪ ನಿಮಿಷ ನಿಮಿಷವೂ ನಿಜವಾಗುತ್ತಿತ್ತು. ಅವನು ಹೋಗುವ ಗಳಿಗೆಗೇ ಅದೂ ಹೋಗಲಿತ್ತು. ಆಕೆ ತಂಪು ಪೆಟ್ಟಿಗೆಯ ಪಕ್ಕ ಬಂದು ಕುಳಿತಳು. ಗಾಜಿನೊಳಗೆ ಅವನು ಏನೂ ಗೊತ್ತಿಲ್ಲದವನ ಹಾಗೆ ಮಲಗಿದ್ದ. ಆಕೆಯ ಹಲ್ಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಯಾರೋ ಆಕೆಗೆ ಚಳಿಯೆಂದು ಶಾಲು ಹೊದಿಸಿದರು.

ಹತ್ತೂ ನಲವತ್ತಕ್ಕೆ ಗಾಡಿ ಬಂದು ನಿಂತಿತು. ಬೀದಿಯ ಜನ ಬಾಗಿಲ ಎರಡೂ ಕಡೆ ಸರಿದು ದಾರಿ ಮಾಡಿದರು. ಹಿಂದಿನ ಕೋಣೆಯಿಂದ ಮೈದುನನ ದನಿ ಮತ್ತೆ ಏರಿತು.

"ಹೇಗೂ ಹೋಗೋದೇ ತಾನೆ? ಒಂದು ಸಲ ಇದೆಯಲ್ಲ, ಅಪ್ಪನ ಹೆಸರು ಹೊಡೀತೀನಿ. ತೆಗೀರಿ ಟವೆಲ್ಲು."

"ತೆಗೆಯಲ್ಲ" ಎಂದ ಗಡಿಯಾರದವನು.

ಆಕೆ ಎದ್ದು ಹೋದಳು. ಗಡಿಯಾರದವನು ಟವೆಲ್ಲಿನ ಮೇಲೆ ಎರಡೂ ಕೈ ಊರಿಕೊಂಡು ಮಕ್ಕಳ ಹಾಗೆ ಅಳುತ್ತಿದ್ದ. "ನನಗೆ ಯಾರ ಕಾಗದವೂ ಬೇಡ ಅತ್ತಿಗೆ. ನಮ್ಮ ಆಟ ಇದೆ ಇದರಲ್ಲಿ. ಹೋದ ಭಾನುವಾರ ಅರ್ಧಕ್ಕೆ ಬಿಟ್ಟಿದ್ವಿ. ಅವನ ಟ್ಯಾಂಕು ನನ್ನ ಗೋಡೆ ಹಿಂದೆ ಅಡಗಿ ಕೂತಿದೆ, ನಾಚಿಕೆ ಇಲ್ಲದವನು." ಮೂಗು ಒರೆಸಿಕೊಂಡ. "ಏನು ಮಾತಿಟ್ಟಿದ್ನೋ. ಹೊಡೆದು ಮುಗಿಸಿ ದಿನಾ ನಗ್ತಿದ್ದ. ಕಣ್ಣು ಮುಚ್ಚಿಕೊಂಡ್ರೂ ಕೇಳ್ತಿತ್ತಲ್ಲ. ಯಾಕೋ ನಗ್ತೀಯ ಅಂದ್ರೆ, ಬೆಳಿಗ್ಗೆ ಒಂದು ಸಲ ಬೈಸಿಕೊಂಡ್ರೇನೇ ನನಗೆ ಮೈ ನೆಟ್ಟಗಾಗೋದು ಅನ್ನೋನು."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನಂದ್ರಿ?"

"ಬೈಸಿಕೊಂಡ್ರೇನೇ ಅಂತ. ಯಾರ ಹತ್ರ ಬೈಸಿಕೊಳ್ತಿದ್ನೋ ಪುಣ್ಯಾತ್ಮ."

ಆರು ವರ್ಷ. ದಿನವೂ ಹನ್ನೊಂದಕ್ಕೆ, ನಾಲ್ಕು ಬೆರಳಲ್ಲಿ, ಬೆರಳುದ್ದದ ಅಕ್ಷರಗಳಲ್ಲಿ. ಆಕೆ ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಗೋಡೆಯ ಈಚೆ.

"ಎಲ್ಲರೂ ಹೊರಗೆ ಹೋಗಿ" ಎಂದಳು.

"ಅತ್ತಿಗೆ, ನನ್ನ ಮಾತು ಕೇಳಿ, ಅಪ್ಪನ ಹೆಸರೇ..."

"ಹೊರಗೆ ಹೋಗು ಅಂದೆ."

ಆಕೆಯ ಕಣ್ಣು ನೋಡಿ ಮೈದುನ ಹೊರಟ. ಗಡಿಯಾರದವನು ಟವೆಲ್ಲು ಎತ್ತಿಕೊಂಡು ಹಿಂದೆ ನಡೆದ. ಮಗಳು ಕದಲಲಿಲ್ಲ. "ನಾನಿರ್ತೀನಿ" ಎಂದಳು.

00:06:02.

ಕೀಲಿಮಣೆಯ ಮೇಲೆ ಬೆರಳಿಟ್ಟಾಗ ಆಕೆಗೆ ತನ್ನ ಬೆರಳೇ ತನ್ನದಲ್ಲವೆನ್ನಿಸಿತು. ತಪ್ಪಿದರೆ? ತಪ್ಪಿದರೆ ಎಲ್ಲ ಹೋಗುವುದು ಮಾತ್ರವಲ್ಲ, ಅವನನ್ನು ಒಯ್ಯುವ ಹೊತ್ತಿನಲ್ಲಿ ಆ ಶಾಪವನ್ನು ಎರಡನೇ ಸಲ ಹಾಕಿದವಳಾಗುತ್ತಾಳೆ. ಆಕೆ ಕಣ್ಣು ಮುಚ್ಚಿ, ಅಂದಿನ ಸಿಟ್ಟನ್ನು ನೆನೆದು, ಅಂದಿನ ವೇಗದಲ್ಲೇ ಹೊಡೆದಳು. ನಿಧಾನವಾಗಿ ಹೊಡೆಯಲು ಆಕೆಗೆ ಧೈರ್ಯವಿರಲಿಲ್ಲ.

ಕೊನೆಯ ಕೀಲಿಯ ಮೇಲೆ ಬೆರಳು ಹೋಗುವಷ್ಟರಲ್ಲಿ ಮಗಳು ಆಕೆಯ ಮಣಿಕಟ್ಟು ಹಿಡಿದಳು. ಪರದೆಯ ತುಂಬ ಅಕ್ಷರಗಳು.

"ಅಮ್ಮಾ, ಇದೇನಿದು? ಇವತ್ತು ಇದನ್ನ ಹೊಡೀತೀಯಾ?"

"ನಾನೇ ಹೊಡೆದಿದ್ದು ಕಣೇ. ಆರು ವರ್ಷದ ಹಿಂದೆ. ಅವರು ಮಾತು ಹೇಳಿಕೊಡೋಕೆ ಬಂದಿದ್ರು, ನಾನು ಕೇಳಲಿಲ್ಲ."

"ಅಪ್ಪ ಇದನ್ನ ನೋಡಿದ್ರಾ?"

"ದಿನಾ ನೋಡಿದಾರೆ."

ಮಗಳ ಹಿಡಿತ ಸಡಿಲವಾಯಿತು. ಆಕೆ ಒತ್ತಿದಳು.

ಪರದೆ ಕಪ್ಪಾಯಿತು. ಕಪಾಟಿನ ಮೂರೂ ಅರೆಗಳಲ್ಲಿ ದೀಪಗಳು ಒಮ್ಮೆಗೇ ಆರಿದವು. ಮುಂದಿನ ಕೋಣೆಯಲ್ಲಿ ಯಾರೋ ತಂಪು ಪೆಟ್ಟಿಗೆಯ ಮುಚ್ಚಳ ತೆಗೆದರು, ಯಾರದೋ ಅಳು ಜೋರಾಯಿತು. ಹೋಯಿತು ಎಂದುಕೊಂಡಳು ಆಕೆ. ನನ್ನ ಬಾಯಿಂದಲೇ ಹೋಯಿತು. ಟೈಲರಮ್ಮನ ತಂಗಿ ಹೋದಳು, ಬೀದಿಯ ಅಷ್ಟೂ ಮಕ್ಕಳು ಹೋದರು, ಇವರ ಮಾತು ಹೋಯಿತು.

ಅರೆಗಳಲ್ಲಿ ಒಂದೊಂದಾಗಿ ಹಸಿರು ದೀಪ ಹತ್ತಿತು. ಪರದೆ ಬೆಳಗಿತು.

ಹಾಜರಿ ಬಿತ್ತು. ಉಳಿದ ಸಮಯ 48:00:00.

ಮಗಳು "ಮಾಮಾ!" ಎಂದು ಕೂಗಿದಳು. ಗಡಿಯಾರದವನು ಒಳಗೆ ತಲೆ ಹಾಕಿ ನೋಡಿ, ಎರಡೂ ಕೈ ಎತ್ತಿ ಹೊರಗೆ ಓಡಿದ. ಸುದ್ದಿ ಬಾಗಿಲಿಂದ ಬೀದಿಗೆ ದಾಟಿದ್ದು ಕೇಳಿಸಿತು. ಟೈಲರಮ್ಮನ ಅಳು ಬೇರೆ ಬಗೆಯದಾಯಿತು. "ನಾನು ಹೇಳಲಿಲ್ವಾ, ಅಣ್ಣ ಮಾತಿಗೆ ತಪ್ಪೋರಲ್ಲ" ಎನ್ನುತ್ತಿದ್ದಳು.

ಆಕೆ ಸ್ಟೂಲಿನ ಮೇಲೆ ಕುಳಿತಳು. ಮೊದಲ ಸಲ ಕಣ್ಣೀರು ಬಂತು. ಅವನು ದಿನವೂ ನಗುತ್ತಿದ್ದನೆಂಬುದು ಹೊಟ್ಟೆಗೆ ತಂಪೆನ್ನಿಸಿತು, ಅಷ್ಟೇ ಉರಿಯಿತು ಕೂಡ. ಕಣ್ಣು ಒರೆಸಿಕೊಂಡು ನೋಡಿದಾಗ ಪರದೆಯ ಅಂಕೆಗಳು ಮತ್ತೆ ಓಡುತ್ತಿದ್ದವು.

"ಅಮ್ಮಾ ಬಾ, ಎತ್ತುತ್ತಿದಾರೆ" ಎಂದಳು ಮಗಳು. ಬಾಗಿಲವರೆಗೆ ಹೋದವಳು ತಿರುಗಿ ಪರದೆ ನೋಡಿದಳು. "ಇದನ್ನ ಮತ್ತೆ ಹೊಡೀಬೇಕಾ? ನಾಡಿದ್ದು ಹನ್ನೊಂದರೊಳಗೆ?"

"ಹೂಂ. ದಿನಾ ಹೊಡೀತೀನಿ."

"ದಿನಾ ಸರಿ. ಒಂದು ದಿನ ನೀನು..."

ಮಗಳು ತನ್ನ ಬಾಯಿಯ ಮೇಲೆ ತಾನೇ ಅಂಗೈ ಒತ್ತಿಕೊಂಡಳು. ಹೊರಗೆ ಮೈದುನ "ಹುಷಾರು, ಹೊಸ್ತಿಲು, ಕಾಲು ಕಡೆ ಮೊದಲು" ಎಂದು ಕೂಗುತ್ತಿದ್ದ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅಂಗೈ ಮುಚ್ಚಿದ ಆ ಮುಖದ ಮೇಲೆ ಪರದೆಯ ಕೆಂಪು ಬೆಳಕು ಬಿದ್ದಿತ್ತು. ನಲವತ್ತೇಳು, ಐವತ್ತೇಳು, ಹನ್ನೆರಡು. ಹನ್ನೊಂದು. ಹತ್ತು.